ಎತ್ತಿನ ಸುಳಿ ನೋಡುವ ಅಧ್ಯಕ್ಷರು

ನಿಲಂಗಾದ ನಮ್ಮ ಶಾಲೆಯ ಅಧ್ಯಕ್ಷ ವೈಜನಾಥಪ್ಪನವರು ದೇವಣಿ ತಳಿಯ ಎತ್ತು ಕೊಳ್ಳಲು ಹೊರಟರೆ ಮೂರು ಸಂತೆ ಅಲೆಯುತ್ತಾರೆ. ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ಹಿಂದಿನ ಮಾಲೀಕ ಯಾಕೆ ಮಾರಿದನೆಂದು ಅವನ ಊರಿಗೇ ಹೋಗಿ ಕೇಳುತ್ತಾರೆ. ಶಾಲೆಯಲ್ಲಿ ಕೆಲಸ ಕೇಳಿ ಬಂದವನಿಗೆ ಮಾತ್ರ ಎರಡೇ ಪ್ರಶ್ನೆ: “ಯಾವೂರಪಾ? ನಿಮ್ಮ ಸೋದರಮಾವ ಯಾರು?” ಮಾವ ಪರಿಚಯದವನಾದರೆ ಚಹಾ ಬರುವುದರೊಳಗೆ ನೌಕರಿ ಪಕ್ಕಾ. ವ್ಯಾನಿನ ಹೊಸ ಡ್ರೈವರ್ ಹಿಂದಿನ ಶಾಲೆ ಯಾಕೆ ಬಿಟ್ಟನೆಂದು ಸಾರಿಕಾ ಟೀಚರ್ ಕೇಳಿದಾಗ, “ಅಂವಾ ನಮ್ಮ ಪೈಕಿನೇ ಅದಾನ, ಬಾಯೀ. ನಮ್ಮವರ ಚೌಕಶಿ, ತನಿಖಿ ಪೊಲೀಸರ ಕಡಿಂದ ಮಾಡಸಲೇನು?” ಎಂದು ಗದರಿದರು. ಅಷ್ಟು ನಂಬಿಕೆ! ಅವರ ಮೊಮ್ಮಗಳೂ ನಮ್ಮಲ್ಲೇ ಎರಡನೇ ಇಯತ್ತೆ. ವ್ಯಾನು ದಿನಾಲೂ ಅವರ ಬಾಗಿಲ ಮುಂದೆಯೇ ಹಾದು ಬರುತ್ತದೆ. ಈ ಡ್ರೈವರ್ ಬಂದ ದಿನದಿಂದ ಆ ಹುಡುಗಿಯನ್ನು ಅಜ್ಜನೇ ಬೈಕಿನ ಮೇಲೆ ಕರೆತರುತ್ತಾರೆ.