ಬಲಗಡೆ ಬರೆದ ಉತ್ತರ

ವೈಟ್‌ಬೋರ್ಡಿನ ಮೇಲೆ ನನ್ನ ಮಾರ್ಕರ್ ಕಿರ್ರೆಂದ ಸದ್ದು ಇನ್ನೂ ಕಿವಿಯಲ್ಲಿದೆ. ಸ್ಯಾನ್ ಹೊಸೆಯ ಆ ಶಾಲೆಯ ಎಂಟ್ರೆನ್ಸ್ ಪರೀಕ್ಷೆಯಲ್ಲಿ ಮೊಮ್ಮಗಳು ಅದಿತಿಗೆ ಸೀಟು ತಪ್ಪಿದ್ದು ಒಂದೇ ಒಂದು ಮಾರ್ಕಿನಿಂದ. ಅಪೀಲು ಮಾಡಿ, ಉತ್ತರಪತ್ರಿಕೆ ನೋಡಲು ಹೋಗಿದ್ದೆವು. ಒಂದು ಭಾಗಾಕಾರಕ್ಕೆ ಸೊನ್ನೆ ಬಿದ್ದಿತ್ತು. ಅಮೆರಿಕದಲ್ಲಿ ಉತ್ತರವನ್ನು ಲೆಕ್ಕದ ಮೇಲುಗಡೆ ಬರೆಯುತ್ತಾರೆ. ಅದಿತಿ ನಾನು ಹೇಳಿಕೊಟ್ಟಂತೆ ಬಲಗಡೆ ಬರೆದಿದ್ದಳು. ಪೇಪರ್ ತಿದ್ದಿದ್ದ, ಈಗ ನಮ್ಮೆದುರೇ ಕೂತಿದ್ದ ಟೀಚರ್, ಮೇಲೆ ಖಾಲಿ ಕಂಡು ಉತ್ತರವೇ ಇಲ್ಲವೆಂದುಕೊಂಡಿದ್ದರು.

ನಾನು ಎದ್ದೆ. "ಅಮ್ಮಾ, ಪ್ಲೀಸ್ ಕೂತ್ಕೋ. ಇದು ನಿನ್ನ ಕಾನ್ವೆಂಟಲ್ಲ," ಎಂದು ಮಗಳು ಸೆರಗು ಎಳೆದಳು.

"ಮಾಮ್, ಲೆಟ್ ಹರ್!" ಎಂದಳು ಅದಿತಿ.

ಚಿಕ್ಕಂದಿನಲ್ಲಿ ಕಾನ್ವೆಂಟಿನ ನಮ್ಮ ಸಿಸ್ಟರ್ ಕಲಿಸಿದ್ದಂತೆಯೇ, ನೀಟಾಗಿ, ಬೋರ್ಡಿನ ಮೇಲೆ ಅದೇ ಲೆಕ್ಕ ಮಾಡಿದೆ. ಬೆಳ್ಳಿಗೂದಲಿನ ಆ ಟೀಚರ್ ಬೋರ್ಡು ನೋಡಿ, ಪೇಪರ್ ನೋಡಿ, ಗಟ್ಟಿಯಾಗಿ ನಕ್ಕುಬಿಟ್ಟರು. ಸೊನ್ನೆ ಹೊಡೆದುಹಾಕಿ ಅಲ್ಲೇ ಎರಡು ಮಾರ್ಕು ಕೊಟ್ಟರು. "ಒನ್ಸ್ ಮೋರ್, ಮ್ಯಾಮ್. ಸ್ಲೋಲಿ," ಎಂದು ನನ್ನ ಪಕ್ಕದಲ್ಲೇ ಬಂದು ನಿಂತರು.

ಹಳೇ ಪಾಠ ಹೇಳಿಕೊಟ್ಟು ಮಗುವಿನ ಸೀಟು ಕಳೆದೆನೇನೋ ಎಂಬ ಗಿಲ್ಟು ಅಂದೇ ಹೋಯಿತು. ಮೈಸೂರಿಗೆ ಮರಳುವ ಮುನ್ನ ಆ ಟೀಚರನ್ನು ಕೊನೆಯ ಸಲ ನೋಡಿದ್ದು, ಶಾಲೆಯ ಮೊದಲ ದಿನ. ಗೇಟಿನಲ್ಲಿ ಅಳುಕುತ್ತಾ ನಿಂತಿದ್ದ ಅದಿತಿಯ ಕೈ ಹಿಡಿದು, ಒಳಗೆ ಕರೆದೊಯ್ಯುತ್ತಿದ್ದರು.