ಪ್ರತ್ಯೇಕ ದೇಶಕ್ಕೆ ಎರಡು ಕಿಲೋ ಜಾಗ

ನಮ್ಮ ಮನೆಯ ಹಾಲ್‌ನಲ್ಲಿ ನಮಗಿಂತ ಹೆಚ್ಚು ಜಾಗ ಹಿಡಿದು ಕೂತಿರುವುದು ಬೇರೆಯವರ ಸಾಮಾನು. ಸೋಫಾದ ಹಿಂದೆ ಯಾರದೋ ತಾಯಿಗೆ ಹೋಗಬೇಕಾದ ಮೊಣಕಾಲಿನ ಪಟ್ಟಿ, ಟೀವಿಯ ಕೆಳಗೆ ಯಾರದೋ ಬಾಣಂತಿ ತಂಗಿಗೆ ಖರ್ಜೂರ, ಬಾಗಿಲ ಸಂದಿಯಲ್ಲಿ ಒಂದು ಮಿಕ್ಸಿ. ಆ ಮಿಕ್ಸಿಯ ವಾರಸುದಾರರು ಯಾರೆಂದು ನಾನೇ ಮರೆತಿದ್ದೇನೆ. ದುಬೈಯ ಅಲ್ ಮುರಕ್ಕಬಾತ್‌ನಲ್ಲಿ ಮನೆ ಮಾಡಿದ ತಪ್ಪಿಗೆ, ಅಲ್ಲಿಂದ ವಿಮಾನ ನಿಲ್ದಾಣ ಹತ್ತಿರ ಎಂಬ ಒಂದೇ ಕಾರಣಕ್ಕೆ, ನಮ್ಮ ಹಾಲ್ ಇಡೀ ಊರಿನವರ ಗೋದಾಮಾಗಿ ಹನ್ನೆರಡು ವರ್ಷ ಕಳೆದಿದೆ.

ನಮ್ಮ ಊರು ಎಂದರೆ ಮಂಗಳೂರಿನಿಂದ ಒಂದು ಗಂಟೆಯ ದಾರಿಯ ಸಣ್ಣ ಪೇಟೆ. ಅಲ್ಲಿಂದ ಬಂದು ಈ ದೇಶದಲ್ಲಿ ಚೆದುರಿಹೋದ ಐವತ್ತು ಚಿಲ್ಲರೆ ಮಂದಿಗೆ ಒಂದು ವಾಟ್ಸ್ಆ್ಯಪ್ ಗುಂಪು ಉಂಟು. ಆ ಗುಂಪು ಹುಟ್ಟಿದ್ದು ದೇಶೋದ್ಧಾರಕ್ಕಲ್ಲ, ಲಗೇಜಿಗಾಗಿ. ಊರಿಗೆ ಹೊರಟವರು ಅದರಲ್ಲಿ ಒಂದು ಸಾಲು ಹಾಕುತ್ತಾರೆ: 'ಶನಿವಾರ ಹೋಗ್ತಿದ್ದೇನೆ, ಎರಡು ಕಿಲೋ ಜಾಗ ಉಂಟು.' ಹತ್ತು ನಿಮಿಷದೊಳಗೆ ಆ ಎರಡು ಕಿಲೋಗೆ ಎಂಟು ಕಿಲೋ ಅರ್ಜಿ ಬೀಳುತ್ತದೆ. ಕಟ್ಟಳೆ ಒಂದೇ, ಅದನ್ನು ಮಾಡಿದ್ದು ನಾನು: ಕಟ್ಟಿದ ಪೊಟ್ಟಣವನ್ನು, ಅಂಟಿಸಿದ ಲಕೋಟೆಯನ್ನು ಯಾರೂ ಒಯ್ಯಕೂಡದು. ಕೊಡುವವರು ಒಯ್ಯುವವರ ಎದುರೇ ಬಿಚ್ಚಿ ತೋರಿಸಬೇಕು. ಪರದೇಶದ ವಿಮಾನ ನಿಲ್ದಾಣದಲ್ಲಿ 'ಇದು ನನ್ನದಲ್ಲ ಸ್ವಾಮಿ, ಪಕ್ಕದ ಮನೆಯವರದ್ದು' ಎಂದರೆ ಕೇಳುವ ಕಿವಿ ಯಾವ ಪೊಲೀಸರಿಗೂ ಇಲ್ಲ.

ಹೀಗೆ ಉಪ್ಪಿನಕಾಯಿ, ಹಪ್ಪಳ, ಹಿಮ್ಮಡಿಯ ಮುಲಾಮು ಎಂದು ನೆಮ್ಮದಿಯಾಗಿದ್ದ ಗುಂಪಿಗೆ ಚುನಾವಣೆಯ ಫಲಿತಾಂಶ ಬಂತು ನೋಡಿ.

ಹೋದ ಸಲ ಬೆಂಗಳೂರಿನ ಗದ್ದುಗೆಯ ಫಲಿತಾಂಶ ಬಂದಾಗ ಸೋತ ಪಕ್ಷದ ಅಭಿಮಾನಿಗಳು 'ಕರಾವಳಿಯೇ ಬೇರೆ ರಾಜ್ಯವಾಗಲಿ' ಎಂದು ಒಂದು ವಾರ ಕೂಗಿದ್ದರು. ಆಗ ಗೆದ್ದವರು ಅವರನ್ನು ದೇಶ ಒಡೆಯುವವರು ಎಂದು ಜರೆದಿದ್ದರು. ಈ ಸಲ ದೆಹಲಿಯ ಫಲಿತಾಂಶ ಬಂತು, ಸೋತವರು ಗೆದ್ದವರು ಅದಲು ಬದಲಾದರು. ಹೋದ ಸಲ ಜರೆದವರೇ 'ಇನ್ನು ನಮಗೂ ಅವರಿಗೂ ಆಗುವುದಿಲ್ಲ, ದಕ್ಷಿಣವೇ ಬೇರೆ ದೇಶವಾಗಲಿ' ಎಂದು ಎದ್ದು ನಿಂತರು. ಹೋದ ಸಲ ಕೂಗಿದವರು ಈಗ ಅಖಂಡತೆಯ ಪಾಠ ಶುರುಮಾಡಿದರು. ಯಾರು ಯಾವ ಪಕ್ಷವೆಂದು ನಾನು ಹೇಳುವುದಿಲ್ಲ. ನಿಮಗೆ ಊಹಿಸುವ ಚಪಲ ಹುಟ್ಟಿದ್ದರೆ ನಿಮ್ಮನ್ನೂ ನಮ್ಮ ಗುಂಪಿಗೆ ಸೇರಿಸಿಕೊಳ್ಳಬಹುದು.

ಈ ಸಲದ ಸ್ವಾತಂತ್ರ್ಯ ಹೋರಾಟದ ಮುಂದಾಳು ಶೇಖರಣ್ಣ. ಅಬುಧಾಬಿಯಿಂದಲೂ ಆಚೆ, ರುವೈಸ್ ಎಂಬ ಎಣ್ಣೆ ಕಾರ್ಖಾನೆಯ ಊರಿನಲ್ಲಿ ಟೆಕ್ನಿಷಿಯನ್. ಕಂಪನಿ ಕೊಟ್ಟ ಮನೆ, ಕಂಪನಿ ಕೊಟ್ಟ ಎಸಿ, ಕಂಪನಿಯ ಬಸ್ಸು. ಫೋರ್‌ಮನ್ ಹುಬ್ಬು ಏರಿಸಿದರೆ 'ಯೆಸ್ ಸರ್' ಎನ್ನುವ ಸಾಧು ಪ್ರಾಣಿ. ಅಡುಗೆಮನೆಯ ನಲ್ಲಿ ಸೋರುತ್ತದೆಂದು ದೂರು ಕೊಡಲು ಮೂರು ತಿಂಗಳು ಯೋಚಿಸಿದ ಮನುಷ್ಯ, ದೇಶ ಒಡೆಯಲು ಮೂರು ನಿಮಿಷ ತೆಗೆದುಕೊಳ್ಳಲಿಲ್ಲ. ಫಲಿತಾಂಶದ ದಿನ ಮಧ್ಯಾಹ್ನವೇ ಹೊಸ ದೇಶದ ನಕಾಶೆ ಗುಂಪಿಗೆ ಬಿತ್ತು. ಗೋವಾ ಒಳಗೋ ಹೊರಗೋ ಎಂದು ಒಂದು ದಿನ ಜಗಳ. ರಾಜಧಾನಿ ಎಲ್ಲಿ ಎಂದು ಮತ್ತೆರಡು ದಿನ. ಒಬ್ಬರು ರಾಷ್ಟ್ರೀಯ ತಿಂಡಿಯಾಗಿ ನೀರುದೋಸೆಯನ್ನು ಸೂಚಿಸಿದರು, ಅದಕ್ಕೆ ಮಾತ್ರ ವಿರೋಧ ಬರಲಿಲ್ಲ.

ನನಗೆ ಮೈ ಉರಿದದ್ದು ಯಾಕೆಂದರೆ ಈ ಮಹನೀಯರಲ್ಲಿ ಒಬ್ಬರೂ ಓಟು ಹಾಕಿರಲಿಲ್ಲ. ಗೆದ್ದವರೂ ಹಾಕಿಲ್ಲ, ಸೋತವರೂ ಹಾಕಿಲ್ಲ. ರಜೆ ಸಿಗಲಿಲ್ಲ, ಟಿಕೆಟ್ ದುಬಾರಿ, ಬಿಸಿಲು, ಪಟ್ಟಿಯಲ್ಲಿ ಹೆಸರಿಲ್ಲ. ಆಡದ ಪಂದ್ಯದಲ್ಲಿ ಸೋತು ಅಂಪೈರನ್ನು ಬೈಯುವ ಗಿರಾಕಿಗಳು. ಹಾಗಾದರೆ ನಾನು? ಮದುವೆಗೆ ಮುಂಚೆ ಒಂದು ಸಲ ಹಾಕಿದ್ದೆ, ಪಂಚಾಯತಿಗೆ. ಯಾರಿಗೆಂದು ನೆನಪಿಲ್ಲ, ಅವರು ಸೋತದ್ದು ನೆನಪಿದೆ. ಆಮೇಲೆ ಇಪ್ಪತ್ತು ವರ್ಷ ನನ್ನ ಬೆರಳಿಗೆ ಶಾಯಿ ತಾಗಿಲ್ಲ. ಆದರೆ ನಾನು ದೇಶ ಒಡೆಯಲು ಹೋಗಲಿಲ್ಲವಲ್ಲ ಎಂಬ ಅಹಂಕಾರದಿಂದ ಎಲ್ಲರನ್ನೂ ಬೈಯುವ ಹಕ್ಕು ಇಟ್ಟುಕೊಂಡಿದ್ದೇನೆ.

ಇವರು ಕೂತು ನಕಾಶೆ ಬರೆಯುತ್ತಿರುವ ನೆಲವಾದರೂ ಎಂಥದ್ದು? ಬೇರೆ ಬೇರೆಯಾಗಿದ್ದ ಏಳು ಸಂಸ್ಥಾನಗಳು ಒಟ್ಟು ಸೇರಿ ಆದ ದೇಶ. ಒಟ್ಟಾದ ದಿನವನ್ನು ವರ್ಷವರ್ಷವೂ ಬಾವುಟ ಹಾರಿಸಿ ಆಚರಿಸುತ್ತಾರೆ, ಆ ರಜೆಯಲ್ಲಿ ನಮ್ಮವರು ಬೆಟ್ಟ ಹತ್ತಿ ಬಾರ್ಬೆಕ್ಯೂ ಮಾಡುತ್ತಾರೆ. ಇಲ್ಲಿಯ ಕತೆ ಬೇಡ, ನಮ್ಮದನ್ನೇ ತೆಗೆದುಕೊಳ್ಳಿ. ನನ್ನ ಅಜ್ಜನ ಶಾಲೆಯ ಸರ್ಟಿಫಿಕೇಟಿನಲ್ಲಿ ಮದರಾಸು ಎಂದಿದೆ. ಅಜ್ಜ ಮನೆಯ ಜಗಲಿಯಿಂದ ಕದಲದೆ ರಾಜ್ಯ ಬದಲಾಯಿಸಿದವರು. ಕನ್ನಡದವರೆಲ್ಲ ಒಂದೇ ರಾಜ್ಯದಲ್ಲಿ ಇರಬೇಕೆಂದು ಆ ಕಾಲದ ಜನ ಸಭೆ ಮಾಡಿದರು, ಮೆರವಣಿಗೆ ಹೋದರು, ಜೈಲು ಕಂಡರು. ಅವರ ಮೊಮ್ಮಕ್ಕಳು ಎಸಿ ಕೆಳಗೆ ಕಾಲು ಚಾಚಿ, ಹೆಬ್ಬೆರಳಿನಲ್ಲಿ ಅದನ್ನು ಬಿಡಿಸಿ ಹಾಕುತ್ತಾರೆ. ಹೆಬ್ಬೆರಳು ನೋಯುವಷ್ಟೂ ಶ್ರಮವಿಲ್ಲ.

ನಾಲ್ಕನೆಯ ದಿನ ಹಮೀದಣ್ಣ ಬಾಯಿ ಹಾಕಿದರು. ಹಮೀದಣ್ಣ ನಮ್ಮ ಪೇಟೆಯವರೇ, ಬ್ಯಾರಿಗಳು. ದುಬೈಯ ದೇರಾದಲ್ಲಿ ವಾಹನದ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾರೆ. ವ್ಯಾಪಾರಕ್ಕೆಂದು ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಿಬರುವವರಾದ್ದರಿಂದ ನನ್ನ ಗೋದಾಮಿನ ಮುಕ್ಕಾಲು ಪಾಲು ಸಾಮಾನು ಸಾಗುವುದು ಅವರ ಪೆಟ್ಟಿಗೆಯಲ್ಲಿ. ಅವರು ಗುಂಪಿನಲ್ಲಿ ಕೇಳಿದ್ದು ಇಷ್ಟೇ: 'ಶೇಖರಣ್ಣ, ನಿಮ್ಮ ದೇಶಕ್ಕೆ ಬರ್ಲಿಕ್ಕೆ ನನಗೆ ವೀಸಾ ಆನ್ ಅರೈವಲ್ ಉಂಟಾ?' ಅವರ ಹಾಗೆಯೇ ಊರಿಗೆ ಆಗಾಗ ಓಡಾಡುವ ಹತ್ತು ಮಂದಿ ನಕ್ಕರು. ಶೇಖರಣ್ಣ ಗುಂಪಿನ ಅಡ್ಮಿನ್. ಹಮೀದಣ್ಣನನ್ನೂ ನಕ್ಕ ಹತ್ತು ಮಂದಿಯನ್ನೂ ಒಂದೇ ಏಟಿಗೆ ಹೊರಗೆ ಹಾಕಿದರು. ಹೊಸ ದೇಶದ ಮೊದಲ ಗಡಿಪಾರು.

ನಾನೂ ಅಡ್ಮಿನ್. ಬೆರಳು ಒತ್ತಿದ್ದರೆ ಅವರನ್ನೆಲ್ಲ ವಾಪಸು ಕರೆತರಬಹುದಿತ್ತು. ಒತ್ತಲಿಲ್ಲ. ನನಗೆ ತಮಾಷೆ ನೋಡಬೇಕಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ತಮಾಷೆ ಹದಿನೈದು ದಿನದಲ್ಲಿ ಬಂತು. ಶೇಖರಣ್ಣನ ಹೆಂಡತಿ ಮತ್ತು ಮಗಳು ನಿಶಾ ಮೊದಲೇ ಊರಿಗೆ ಹೋಗಿದ್ದರು, ಮಗಳಿಗೆ ಮಂಗಳೂರಿನ ಕಾಲೇಜಿನಲ್ಲಿ ಎನ್‌ಆರ್‌ಐ ಕೋಟಾದ ಸೀಟು ಗೊತ್ತಾಗಿತ್ತು. ಶುಕ್ರವಾರ ಕಾಲೇಜಿನವರು ಹೇಳಿದರಂತೆ: ಅಪ್ಪನ ಅಫಿಡವಿಟ್ಟಿನ ನಕಲು ಸಾಲದು, ದೂತಾವಾಸದ ಸೀಲು ಬಿದ್ದ ಮೂಲಪ್ರತಿ ಸೋಮವಾರ ಮಧ್ಯಾಹ್ನದೊಳಗೆ ಬರಬೇಕು, ಇಲ್ಲವಾದರೆ ಸೀಟು ಮುಂದಿನವರಿಗೆ. ಮೂಲಪ್ರತಿ ರುವೈಸಿನ ಕಪಾಟಿನಲ್ಲಿ. ಕೊರಿಯರ್‌ನವರು ಬುಧವಾರಕ್ಕೆ ಎಂದರು. ಶೇಖರಣ್ಣ ತಾವೇ ಹೋಗೋಣವೆಂದರೆ ಕಾರ್ಖಾನೆಯಲ್ಲಿ ಶಟ್‌ಡೌನ್, ಅಂದರೆ ಯಂತ್ರಗಳನ್ನೆಲ್ಲ ನಿಲ್ಲಿಸಿ ರಿಪೇರಿ ಮಾಡುವ ಕಾಲ. ಆಗ ಯಾರಿಗೂ ರಜೆಯಿಲ್ಲ.

ಶೇಖರಣ್ಣ ಗುಂಪಿನಲ್ಲಿ ಹಾಕಿದರು: 'ಶನಿವಾರ, ಭಾನುವಾರ ಊರಿಗೆ ಹೋಗುವವರು ಯಾರಾದರೂ ಇದ್ದೀರಾ? ಅರ್ಜೆಂಟ್.' ಯಾರೂ ಇರಲಿಲ್ಲ. ಗುಂಪಿನಲ್ಲಿ ಉಳಿದವರು ಹೆಚ್ಚಿನವರೂ ರುವೈಸಿನವರೇ, ಅದೇ ಶಟ್‌ಡೌನಿನಲ್ಲಿ ಸಿಕ್ಕಿಕೊಂಡವರು. ಓಡಾಡುವ ಮಂದಿಯನ್ನೆಲ್ಲ ಗಡಿಪಾರು ಮಾಡಿ, ಕಾಲು ಕಟ್ಟಿಹಾಕಿದವರನ್ನೇ ಇಟ್ಟುಕೊಂಡು ದೇಶ ಕಟ್ಟಿದ್ದರು ಪುಣ್ಯಾತ್ಮರು.

ಅವರ ಫೋನ್ ಬಂತು. "ಅಕ್ಕ, ಹಮೀದ್ ಈ ವಾರ ಹೋಗ್ತಾನಂತಾ?"

ಹೋಗುವುದು ನನಗೆ ಗೊತ್ತಿತ್ತು, ಹಮೀದಣ್ಣ ಒಯ್ಯಬೇಕಾದ ಮೂರು ಪೊಟ್ಟಣ ನನ್ನ ಸೋಫಾದ ಮೇಲೇ ಇತ್ತು. "ನನಗೆ ಎಂತ ಗೊತ್ತು ಮಾರಾಯ್ರೆ? ನೀವೇ ಫೋನ್ ಮಾಡಿ ಕೇಳಿ. ಬೇರೆ ದೇಶದವರಲ್ಲಿ ಮಾತಾಡುವಾಗ ಸ್ವಲ್ಪ ಮರ್ಯಾದೆಯಿಂದ ಮಾತಾಡಿ," ಎಂದೆ.

'ಆಯ್ತು ಅಕ್ಕ' ಎಂದು ಅವರು ಫೋನ್ ಇಟ್ಟರು. ನನಗೆ ಖುಷಿಯಾಯಿತು. ಇಂಥ ಖುಷಿ ಒಳ್ಳೆಯದಲ್ಲ ಎಂದು ಗೊತ್ತಿದ್ದೂ ಚೆನ್ನಾಗಿಯೇ ಆಯಿತು.

ಅರ್ಧ ಗಂಟೆಯಲ್ಲಿ ನಿಶಾಳ ಫೋನ್. "ಆಂಟಿ, ಅಪ್ಪ ಈಸ್ ನಾಟ್ ಟೆಲ್ಲಿಂಗ್ ಮಿ ಎನಿಥಿಂಗ್. ಪೇಪರ್ ಬರ್ತದಾ ಇಲ್ವಾ, ಜಸ್ಟ್ ಟೆಲ್ ಮಿ." ಎರಡು ವರ್ಷ ಆ ಸೀಟಿಗಾಗಿಯೇ ಓದಿದ ಹುಡುಗಿ. ನನ್ನ ಖುಷಿ ಅಲ್ಲಿಗೆ ಖಲಾಸ್. ನಾನೇ ಹಮೀದಣ್ಣನಿಗೆ ಫೋನ್ ಮಾಡಿದೆ.

"ಅವ ಆಗ್ಲೇ ಮಾಡಿದ ಅಕ್ಕ," ಎಂದರು ಹಮೀದಣ್ಣ. "ಮೂರು ಸಲ ರಿಂಗ್ ಮಾಡಿ ಮೂರು ಸಲ ಕಟ್ ಮಾಡಿದ. ನಾಲ್ಕನೇ ಸಲ ನಾನೇ ಮಾಡಿದೆ. ನಾಳೆ ಸಂಜೆಯ ಫ್ಲೈಟ್, ಮಧ್ಯಾಹ್ನ ನಿಮ್ಮಲ್ಲಿಗೆ ಬರ್ತೇನೆ. ಅವನಿಗೆ ಬರ್ಲಿಕ್ಕೆ ಹೇಳಿದ್ದೇನೆ."

ಫೋರ್‌ಮನ್‌ನ ಕಾಲು ಹಿಡಿದು ಅರ್ಧ ದಿನ ಬಿಡುವು ಪಡೆದು, ಮೂರೂವರೆ ಗಂಟೆ ಕಾರು ಓಡಿಸಿಕೊಂಡು ಶನಿವಾರ ಮಧ್ಯಾಹ್ನ ಶೇಖರಣ್ಣ ಬಂದರು. ಹಮೀದಣ್ಣ ನಮ್ಮ ಸೋಫಾದಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ಶೇಖರಣ್ಣ ನಿಂತೇ ಲಕೋಟೆ ಚಾಚಿದರು. ಅಂಟಿಸಿದ್ದ ಲಕೋಟೆ.

"ಬಿಚ್ಚಿ ತೋರಿಸಬೇಕು," ಎಂದೆ. "ಕಟ್ಟಳೆ ಎಲ್ಲರಿಗೂ ಒಂದೇ."

ಅವರು ಬಿಚ್ಚಲು ಹಿಂದುಮುಂದು ನೋಡಿದರು. ನಾನು ಲಕೋಟೆ ಕಸಿದುಕೊಂಡೆ ಎಂದರೂ ಸುಳ್ಳಲ್ಲ. ಒಳಗೆ ಒಂದೇ ಕಾಗದ, ಮೂರು ಸೀಲು. ಮಗಳಿಗೆ ಆ ಕೋಟಾದ ಸೀಟು ಬೇಕಾದರೆ ಅಪ್ಪ ಭಾರತೀಯನೆಂದು ಪ್ರಮಾಣ ಮಾಡಬೇಕು. ಹಾಗಾಗಿ ಮೊದಲ ಸಾಲಿನಲ್ಲೇ ಶೇಖರಣ್ಣ ಆಣೆ ಮಾಡಿ ಹೇಳಿದ್ದರು: ನಾನು ಭಾರತ ದೇಶದ ಪ್ರಜೆ, ಇಂದಿಗೂ ಅದನ್ನು ಬಿಟ್ಟುಕೊಟ್ಟಿಲ್ಲ, ಇದು ಸತ್ಯ. ಕೆಳಗೆ ದೊಡ್ಡದಾಗಿ ಸಹಿ. ತಾರೀಕು ನೋಡಿದೆ. ನಕಾಶೆ ಹಾಕಿದ ಮಾರನೆಯ ದಿನ. ಬೆಳಿಗ್ಗೆ ದೂತಾವಾಸದಲ್ಲಿ ಭಾರತೀಯರಾಗಿ, ಸಂಜೆ ಗುಂಪಿನಲ್ಲಿ ರಾಜಧಾನಿಗೆ ಜಾಗ ಹುಡುಕಿದ್ದಾರೆ!

ನಾನು ಆ ಸಾಲನ್ನು ಗಟ್ಟಿಯಾಗಿ ಓದಿದೆ. ಎರಡನೇ ಸಲವೂ ಓದಲು ಹೊರಟೆ.

"ಸಾಕು ಅಕ್ಕ," ಎಂದರು ಹಮೀದಣ್ಣ. "ಮಗುವಿನ ಕಾಗದ ಅದು." ನನ್ನ ಕೈಯಿಂದ ತೆಗೆದುಕೊಂಡು, ಮಡಿಕೆ ಬೀಳದ ಹಾಗೆ ಪ್ಲಾಸ್ಟಿಕ್ ಹಾಳೆಯೊಳಗೆ ಸೇರಿಸಿ, ತಮ್ಮ ಪಾಸ್‌ಪೋರ್ಟಿನ ಜೊತೆ ಕೈಚೀಲದಲ್ಲಿ ಇಟ್ಟುಕೊಂಡರು. "ಲಗೇಜಿಗೆ ಹಾಕುವುದಿಲ್ಲ. ಬ್ಯಾಗ್ ತಪ್ಪಿದ್ರೆ ಕಷ್ಟ. ಭಾನುವಾರ ಬೆಳಿಗ್ಗೆ ನಾನೇ ಮನೆಗೆ ಹೋಗಿ ಕೊಡ್ತೇನೆ."

ಶೇಖರಣ್ಣ ಕೂತರು. ಮುಖ ನೋಡಲಾಗುತ್ತಿರಲಿಲ್ಲ. "ಕೋಪ ಬಂದಿತ್ತು ಹಮೀದ್. ಇಲ್ಲಿ ಬಾಯಿ ಬಿಡ್ಲಿಕ್ಕಿಲ್ಲ. ಅಲ್ಲಿ ನಮ್ಮನ್ನು ಕೇಳುವವರಿಲ್ಲ. ಎಲ್ಲಿ ಕೂಗುವುದು ಹೇಳು?"

"ಕೂಗು. ಹೊರಗೆ ಹಾಕ್ಬೇಡ," ಎಂದರು ಹಮೀದಣ್ಣ. ಚಹಾದ ಲೋಟ ಕೆಳಗಿಟ್ಟು ಹೊರಟರು.

ನನಗೆ ನಾಚಿಕೆಯಾಯಿತು. ಇಬ್ಬರು ಗಂಡಸರಲ್ಲಿ ದೊಡ್ಡ ಮನಸ್ಸಿನವರು ಯಾರೆಂದು ತೀರ್ಪು ಕೊಡಲು ಕೂತಿದ್ದ ನಾನು ಮೂರನೆಯ ಸ್ಥಾನಕ್ಕೆ ಬಂದಿದ್ದೆ. ಅಂದೇ ಗಡಿಪಾರಾದ ಹನ್ನೊಂದು ಮಂದಿಯನ್ನೂ ಗುಂಪಿಗೆ ವಾಪಸು ಸೇರಿಸಿದೆ. ಕಾಗದ ಕೈಗೆ ಬಂತೆಂದು ಅಪ್ಪನಿಗೂ ಹಮೀದಣ್ಣನಿಗೂ ನನಗೂ ಒಟ್ಟಿಗೆ ತಿಳಿಸಲಿ ಎಂದು ನಿಶಾಳನ್ನೂ ಸೇರಿಸಿದೆ.

ಸೋಮವಾರ ಸೀಟು ಸಿಕ್ಕಿತು. ಗುಂಪಿನಲ್ಲಿ ಲಡ್ಡುವಿನ ಚಿತ್ರಗಳ ರಾಶಿ. ಶೇಖರಣ್ಣ ಬಹುವಚನದಲ್ಲಿ 'ಹಮೀದಣ್ಣನವರಿಗೆ ಋಣಿ' ಎಂದು ಬರೆದರು. ಮೂರನೆಯ ದಿನ, ನೀವು ನಂಬಲಿಕ್ಕಿಲ್ಲ, 'ಏನೇ ಆಗಲಿ, ದೆಹಲಿಯವರ ಧೋರಣೆ ನೋಡಿದರೆ ದಕ್ಷಿಣ ಬೇರೆಯಾಗುವುದೇ ಒಳ್ಳೆಯದು' ಎಂದು ಮತ್ತೆ ಹಾಕಿದರು. ಅಖಂಡತೆಯವರು ಎದ್ದರು. ಗೋವಾ ಮತ್ತೆ ಒಳಗೆ ಹೊರಗೆ ಓಡಾಡಿತು.

ಆ ಜಗಳದ ನಡುವೆ ನಿಶಾಳ ಒಂದು ಪ್ರಶ್ನೆ ಬಂದು ಬಿತ್ತು. 'ಅಂಕಲ್ಸ್, ಐ ಟರ್ನ್ಡ್ ಏಟೀನ್. ಹಾಸ್ಟೆಲಿನಲ್ಲಿದ್ದುಕೊಂಡು ವೋಟರ್ ಲಿಸ್ಟಿಗೆ ಹೆಸರು ಸೇರಿಸಲು ಯಾವ ಫಾರ್ಮ್? ಯಾವ ಅಡ್ರೆಸ್ ಹಾಕಬೇಕು? ಪ್ಲೀಸ್ ಹೆಲ್ಪ್.'

ಐವತ್ತು ಮಂದಿ ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಸಂವಿಧಾನ ಗೊತ್ತಿದ್ದವರು, ಗಡಿ ಎಳೆಯಬಲ್ಲವರು, ತೆರಿಗೆ ಹಂಚಿಕೆಯ ಪಂಡಿತರು, ಎಲ್ಲರೂ ಒಮ್ಮೆಗೇ ಡ್ಯೂಟಿಗೆ ಹೋದರು. ಅಪ್ಪ 'ನೋಡಿ ಹೇಳ್ತೇನೆ ಮಗಾ' ಎಂದು ಬರೆದು, ಅದನ್ನು ಅಳಿಸಿದರು. ನಾನೂ ಟೈಪ್ ಮಾಡಲು ಹೊರಟೆ. ಏನೆಂದು ಬರೆಯುವುದು? ನನಗೂ ಗೊತ್ತಿರಲಿಲ್ಲ.

ಸಂಜೆ ಅವಳೇ ಬರೆದಳು: 'ಇಟ್ಸ್ ಓಕೆ ಅಂಕಲ್ಸ್, ಡನ್. ಹಾಸ್ಟೆಲ್ ವಾಚ್‌ಮನ್ ಹೇಳಿಕೊಟ್ಟರು. ಅವರು ಒಂದು ಸಲವೂ ತಪ್ಪಿಸಿಲ್ಲವಂತೆ.'