ಗುಬ್ಬಿಗೂ ಆಗದ ಜಂಪರು

ನಮ್ಮ ಧಾರವಾಡದ ಕಡೆ ರವಿಕೆಯೆಂದರೆ ಜಂಪರು. ನನ್ನ ಅತ್ತೆಗಂತೂ ಬೇರೆ ಶಬ್ದವೇ ಗೊತ್ತಿರಲಿಲ್ಲ. ಆ ಒಂದು ಶಬ್ದ ನನ್ನ ಕೆಲಸ ಉಳಿಸಿತು ಎಂದರೆ ಜನ ನಗುತ್ತಾರೆ. ನಗಲಿ ಬಿಡಿ, ನಾನೂ ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕವಳೇ.

ತೊಂಬತ್ತರ ದಶಕದ ನಡುವೆ ಗಂಡನ ಬ್ಯಾಂಕು ನಮ್ಮನ್ನು ಅಹಮದಾಬಾದಿಗೆ ಎತ್ತಿ ಹಾಕಿತ್ತು. ವಸ್ತ್ರಾಪುರದ ಫ್ಲ್ಯಾಟಿನಲ್ಲಿ ನಾವಿಬ್ಬರು, ಅತ್ತೆ, ಒಂದು ಕಂಪ್ಯೂಟರು. ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಾನು ಆ ನೌಕರಿಗೆ ಎಳ್ಳುನೀರು ಬಿಟ್ಟು ಬಂದಿದ್ದೆ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಸೂರತ್ತಿನ ಸೀರೆ ವ್ಯಾಪಾರಿಯೊಬ್ಬರಿಗೆ ದಾಸ್ತಾನಿನ ಪ್ರೋಗ್ರಾಂ ಬರೆದೆ. ಅದು ನನ್ನ ಮೊದಲ ಕೆಲಸ. ಸರಿಹೋದರೆ ಅವರ ಬಳಗದ ಅಂಗಡಿಗಳಿಗೂ ನಾನೇ ಬರೆಯುವುದು. ಕೆಟ್ಟರೆ ಕಂಪ್ಯೂಟರಿಗೆ ಬಟ್ಟೆ ಮುಚ್ಚಿ ಒಗ್ಗರಣೆ ಹಾಕಿಕೊಂಡಿರುವುದು ಎಂದು ಮನಸ್ಸಿನಲ್ಲೇ ತೀರ್ಮಾನವಾಗಿತ್ತು. ಒಗ್ಗರಣೆಯಲ್ಲೂ ಸುಖವಿರಲಿಲ್ಲ. ಅತ್ತೆ ಸಾರಿಗೆ ಉಪ್ಪು ಹಾಕಿ ಹೋಗುವರು, ನಾನು ಬಂದು ಮತ್ತೆ ಹಾಕುವೆ. ಬರೆಯುತ್ತ ಕೂತಾಗ ಅಡುಗೆಮನೆಯಿಂದ ಕರೆ ಬರುವುದು ತಪ್ಪುತ್ತಿರಲಿಲ್ಲ.

ವ್ಯಾಪಾರಿ ಭಾನುವಾರ ಬಂದು, ಎಲ್ಲವನ್ನೂ ತುಂಬಿಸಿದ ಹಾರ್ಡ್ ಡಿಸ್ಕನ್ನು ಒಯ್ಯುವವರಿದ್ದರು. ಅಂದು ಕೈಗೆ ಸಿಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಮುಖದ ಮೇಲೆ ಹೊಡೆದಂತೆ ಹೇಳಿದ್ದರು. ರಿಲೀಫ್ ರೋಡಿನ ರಿಪೇರಿಯವರಿಂದ ಸೆಕೆಂಡ್ ಹ್ಯಾಂಡ್ ಡಿಸ್ಕು ತಂದು, ನನ್ನ ಹಳೆಯ ಡಿಸ್ಕಿದ್ದ ಕೇಬಲ್ಲಿಗೇ ಸಿಕ್ಕಿಸಿದೆ. ಅಯ್ಯೋ, ಎರಡೂ ಮಾಯ! ಬೇರೆ ಬೇರೆಯಾಗಿ ಹಾಕಿದರೆ ಎರಡೂ ಸರಿ, ಜೊತೆಗೆ ಹಾಕಿದರೆ ಒಂದೂ ಕಾಣದು. ಜೊತೆಗಿರದೆ ನಕಲು ಮಾಡುವುದು ಹೇಗೆ?

ಒಂದು ಕೇಬಲ್ಲಿನಲ್ಲಿ ಒಂದು ಡಿಸ್ಕು ಮಾಸ್ಟರ್, ಇನ್ನೊಂದು ಸ್ಲೇವ್ ಆಗಿರಬೇಕು. ಅದನ್ನು ತೀರ್ಮಾನಿಸುವುದು ಡಿಸ್ಕಿನ ಹಿಂದಿನ ಪಿನ್ನುಗಳ ಮೇಲೆ ಕೂರುವ, ಅಕ್ಕಿಕಾಳಿನಷ್ಟಿರುವ ಒಂದು ಪ್ಲಾಸ್ಟಿಕ್ ಟೋಪಿ. ಅದರ ಹೆಸರು ಜಂಪರ್. ಎಲ್ಲಿ ಹಾಕಬೇಕು, ಎಲ್ಲಿ ತೆಗೆಯಬೇಕು ಎಂಬ ಚಿತ್ರ ಡಿಸ್ಕಿನ ಮೇಲಿನ ಚೀಟಿಯಲ್ಲಿರುತ್ತದೆ. ನಾನು ತಂದದ್ದರಲ್ಲಿ ಆ ಚಿತ್ರವೇ ಉಜ್ಜಿಹೋಗಿ, ಸಿಲಿಂಡರ್ ಎಷ್ಟು, ಹೆಡ್ ಎಷ್ಟು ಎಂಬ ಡಿಸ್ಕಿನ ಲೆಕ್ಕ ಮಾತ್ರ ಉಳಿದಿತ್ತು. ನಾನದನ್ನು ಗಟ್ಟಿಯಾಗಿ ಓದುತ್ತಿದ್ದರೆ ಅತ್ತೆ ಒಳಗಿನಿಂದ, "ಸಿಲಿಂಡರ ಬಂತೇನ? ಖಾಲೀದು ಹೊರಗಿಡ್ಲಿ?" ಎಂದು ಕೂಗಿದರು. ಮೈಯೆಲ್ಲ ಉರಿದುಹೋಯಿತು.

ರಿಪೇರಿಯವರಿಗೆ ಫೋನ್ ಮಾಡಿದೆ. ಕಂಡಲ್ಲೆಲ್ಲ ಸಿಕ್ಕಿಸಿ ನೋಡಬೇಡಿ, ಸುಟ್ಟುಹೋದೀತು ಎಂದು ಹೆದರಿಸಿದರು. ಅದೇ ಜಾತಿಯ ಇನ್ನೊಂದು ಡಿಸ್ಕು ಹುಡುಕಿ ನೋಡಿ ಶನಿವಾರ ತಿಳಿಸುತ್ತೇನೆ, ಆಮೇಲೆ ಮದುವೆಗೆಂದು ವಡೋದರಾಕ್ಕೆ ಹೊರಡುತ್ತೇನೆ, ಸಿಗುವುದಿಲ್ಲ ಎಂದರು. ಶನಿವಾರ ಬೆಳಗ್ಗೆಯಿಂದ ಫೋನಿನ ಪಕ್ಕದಲ್ಲೇ ಝಂಡಾ ಊರಿದೆ. ಮಧ್ಯಾಹ್ನ ಹಾಲು ಮುಗಿದಿತ್ತೆಂದು ಕೆಳಗಿನ ಅಂಗಡಿಗೆ ಹೋಗಿ ಬಂದೆ, ಅಷ್ಟೇ.

ಬಾಗಿಲಲ್ಲೇ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ನಿನ್ನ ಟೇಲರ್ ಮಾಸ್ತರ ಫೋನ್ ಮಾಡಿದ್ದ ನೋಡವಾ. ಅವಗ ತಲಿ ಕೆಟ್ಟದ."

ನವರಾತ್ರಿಗೆಂದು ಸ್ಯಾಟಲೈಟ್ ಬಡಾವಣೆಯ ಟೇಲರಿಗೆ ಬಟ್ಟೆ ಕೊಟ್ಟಿದ್ದು ನಿಜ. "ಬ್ಯಾರೆ ಯಾರೂ ಮಾಡಿಲ್ಲೇನ್ರಿ ಅತ್ತ್ಯಾರ?" ಎಂದೆ.

"ಇಲ್ಲ, ಇವನೊಬ್ಬನ. ಹಳೇದು ಮಾಸ್ತರ, ಅದರ ಜಂಪರ ಮುಟ್ಟಬ್ಯಾಡ್ರಿ ಅಂದ. ಹೊಸಾದರ ಜಂಪರ ತಗದ ಬಿಡ್ರಿ, ಸ್ಲೀವ್ ಆಗತದ ಅಂದ. ಜಂಪರ ತಗದ್ರ ಸ್ಲೀವ್ ಎಲ್ಲಿಂದ ಬರತಾವೋ ಖೋಡಿ, ಅಂತ ಬೈದೆ. ಪುಣ್ಯಾಕ ಅವಗ ಕನ್ನಡ ಬರೂದಿಲ್ಲ!"

ಅತ್ತೆಗೆ ತರಕಾರಿ ಕೊಳ್ಳುವಷ್ಟೇ ಹಿಂದಿ. ಅಷ್ಟರಲ್ಲೇ ಹುಚ್ಚನ ಮಾತೆಂದುಕೊಂಡದ್ದನ್ನೂ ಒಂದಕ್ಷರ ಬಿಡದೆ ಹಿಡಿದಿಟ್ಟಿದ್ದರು. ಟೇಲರಲ್ಲ, ರಿಪೇರಿಯವರು! ಸ್ಲೀವ್ ಅಲ್ಲ, ಸ್ಲೇವ್! ಹಳೇದು, ಹೊಸಾದು ಅದಲುಬದಲಾಗಿದ್ದರೆ ನನ್ನ ಕಥೆ ಮುಗಿದಿತ್ತು. ಹಾಲಿನ ಪೊಟ್ಟಣ ಅವರ ಕೈಗೆ ತುರುಕಿ ಒಳಗೆ ಓಡಿದೆ. ಹೊಸದರ ಜಂಪರನ್ನು ಚಿಮಟದಿಂದ ಕಿತ್ತು ಯಂತ್ರ ಚಾಲೂ ಮಾಡಿದೆ. ಪರದೆಯ ಮೇಲೆ ಎರಡೂ ಡಿಸ್ಕುಗಳು ಬಂದು ನಿಂತವು. ಅತ್ತೆಯನ್ನು ತಬ್ಬಿಕೊಂಡು ನಕ್ಕೆ, ನಗುತ್ತಲೇ ಕಣ್ಣೊರೆಸಿಕೊಂಡೆ.

ಎಲ್ಲ ಬಿಡಿಸಿ ಹೇಳಿದ ಮೇಲೆ ಅವರು ಚಾಳೀಸಿನ ಕನ್ನಡಕ ಏರಿಸಿ ಆ ಚೂರನ್ನು ಅಂಗೈಯಲ್ಲಿಟ್ಟು ನೋಡಿದರು. "ಇದೇನ ಜಂಪರ? ಗುಬ್ಬಿಗೂ ಆಗೂದಿಲ್ಲಲ್ಲಾ!" ಸೂರತ್ತಿನಲ್ಲಿ ಆ ಡಿಸ್ಕು ಒಂಟಿಯಾಗಿ ಮಾಸ್ಟರ್ ಆಗಬೇಕು, ಜಂಪರ್ ಮತ್ತೆ ಬೇಕು ಎಂದೆ. ಕಳೆದೀತೆಂದು ತಮ್ಮ ಕುಂಕುಮದ ಭರಣಿಯಲ್ಲಿ ಹಾಕಿಟ್ಟರು. ಭಾನುವಾರ ಅದನ್ನು ಒರೆಸಿ ಸಿಕ್ಕಿಸಿ ಡಿಸ್ಕು ಕೊಟ್ಟೆ. ವ್ಯಾಪಾರಿ ತಮ್ಮನ ಅಂಗಡಿಯ ಕೆಲಸವನ್ನೂ ನನಗೇ ಒಪ್ಪಿಸಿ ಹೋದರು.

ಅವರು ಹೋದ ಮೇಲೆ ಅತ್ತೆ ಕೇಳಿದರು: "ಅಲ್ಲವಾ, ಇಬ್ಬರೂ ಮಾಸ್ತರ ಆಗಾಕ ಬರೂದ ಇಲ್ಲೇನ?"

"ಬರತದ್ರಿ. ಇಬ್ಬರಿಗೂ ಬ್ಯಾರೆ ಬ್ಯಾರೆ ಕೇಬಲ್ ಇದ್ರ."

ಅವರು ಕಂಪ್ಯೂಟರಿನ ಕೋಣೆಯನ್ನೊಮ್ಮೆ ಸುತ್ತ ನೋಡಿದರು. "ಹಂಗಾರ ಅಡಗಿಮನಿ ನನ್ನ ಕೇಬಲ್. ಈ ಖೋಲಿ ನಿಂದು."

ತಮಾಷೆ ಎಂದುಕೊಂಡಿದ್ದೆ. ಮರುದಿನ ಕೆಲಸಕ್ಕೆ ಕೂತಾಗ ಅಡುಗೆಮನೆಯಿಂದ ಕರೆ ಬರಲಿಲ್ಲ. ಆಮೇಲೂ ಬರಲಿಲ್ಲ. ನಾನು ಬರೆದ ಪ್ರೋಗ್ರಾಂಗಳಿಗೆಲ್ಲ ಆ ತಾಯಿಯ ಋಣವಿದೆ. ಆ ಮೊದಲ ದಿನ ಅವರು ಚಹಾ ತಂದು ಮೇಜಿನ ಮೇಲಿಟ್ಟರು, ಬಾಗಿಲು ಎಳೆದುಕೊಂಡು ಹೋದರು.